ವಿಯೆನ್ನಾದಿಂದ ಹೊರಟ ಕೊನೆಯ ಬಸ್ಸು

ಹೆಣ್ಣುಮಕ್ಕಳ ಬಾಣಂತನಕ್ಕೆಂದು ತಾಯಿತಂದೆಗಳು ಸಮುದ್ರ ದಾಟಿ ಹೋಗುವುದು ಈಗ ನಮ್ಮ ಸಮಾಜದಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೋಗಿ ಬಂದವರು ಅಲ್ಲಿಯ ರಸ್ತೆಗಳನ್ನೂ ಅಂಗಡಿಗಳನ್ನೂ ಬಾಯ್ತುಂಬ ವರ್ಣಿಸುತ್ತಾರೆ. ಮನೆಯ ಬಾಗಿಲಿನವರೆಗೆ ತಲುಪಿದ ಬಗೆಯನ್ನು ಹೇಳುವವರು ಮಾತ್ರ ಕಡಿಮೆ. ವಿಮಾನ ಇಳಿದೊಡನೆ ಪ್ರಯಾಣ ಮುಗಿಯಿತೆಂದೇ ನಾವೂ ಭಾವಿಸಿದ್ದೆವು. 2019ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ವಿಮಾನ ಇಳಿದ ಮೇಲಿನ ಐವತ್ತು ಚಿಲ್ಲರೆ ಕಿಲೋಮೀಟರುಗಳು ಅದಕ್ಕೆ ಹಿಂದಿನ ಸಾವಿರಾರು ಕಿಲೋಮೀಟರುಗಳಿಗಿಂತ ಉದ್ದವಾಗಿ ತೋರಿದವು. ಆ ರಾತ್ರಿಯ ಸಂಗತಿಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಮಗಳು ಮತ್ತು ಅಳಿಯಂದಿರು ನೌಕರಿಯ ನಿಮಿತ್ತ ಸ್ಲೊವಾಕಿಯಾ ದೇಶದ ರಾಜಧಾನಿಯಾದ ಬ್ರಾಟಿಸ್ಲಾವಾದಲ್ಲಿ ನೆಲೆಸಿದ್ದಾರೆ. ಆ ನಗರಕ್ಕೆ ತನ್ನದೇ ವಿಮಾನ ನಿಲ್ದಾಣವಿದೆಯಾದರೂ ದೂರದೇಶಗಳಿಂದ ಬರುವವರು ಬಹುಮಟ್ಟಿಗೆ ಇಳಿಯುವುದು ನೆರೆಯ ಆಸ್ಟ್ರಿಯಾದ ವಿಯೆನ್ನಾದಲ್ಲಿ. ವಿಯೆನ್ನಾದ ನಿಲ್ದಾಣವು ಆ ನಗರದ ಪೂರ್ವಕ್ಕೆ, ಅಂದರೆ ಬ್ರಾಟಿಸ್ಲಾವಾದ ದಿಕ್ಕಿಗೇ ಇದೆ. ಅಲ್ಲಿಂದ ಬಸ್ಸು ಹಿಡಿದರೆ ಸುಮಾರು ಒಂದು ಗಂಟೆಯ ಹಾದಿ. ಹೆಚ್ಚುಕಡಿಮೆ ನಮ್ಮ ಜಮಖಂಡಿಯಿಂದ ವಿಜಯಪುರಕ್ಕಿರುವಷ್ಟು ದೂರ. ನಡುವೆ ಒಂದು ದೇಶ ಮುಗಿದು ಇನ್ನೊಂದು ದೇಶ ತೊಡಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹೊರಡುವ ಮುನ್ನ ನಮ್ಮ ಚಿಂತೆಯೆಲ್ಲ ಬೇರೆಯೇ ಆಗಿತ್ತು. ನಮ್ಮ ತಾಯಿಯವರಿಗೆ ಆಗ 88 ವರ್ಷ. ಅವರನ್ನು ಮನೆಯಲ್ಲಿ ಬಿಟ್ಟು ಮೂರು ತಿಂಗಳ ಮಟ್ಟಿಗೆ ಹೋಗುವುದು ನಮಗೆ ಒಪ್ಪಿತವಿರಲಿಲ್ಲ. “ಮಗಳ ಚೊಚ್ಚಲ ಬಾಣಂತನಕ್ಕ ತಾಯಿ ಹೋಗಲಿಲ್ಲಂದ್ರ ಮಂದಿ ಏನಂದಾರು? ನನಗೇನಾಗತೈತಿ, ಹೋಗ್ರಿ” ಎಂದು ತಾಯಿಯವರೇ ಹೊರಡಿಸಿದರು. ಪಕ್ಕದ ಹಳ್ಳಿಯ ನಂಬಿಕೆಯ ಹೆಣ್ಣುಮಗಳೊಬ್ಬಳನ್ನು ಹಗಲುರಾತ್ರಿ ಅವರ ಬಳಿ ಇರಲು ಗೊತ್ತುಮಾಡಿದೆವು. ಅವಳ ಸಂಬಳವನ್ನು ತಾನೇ ಕಳಿಸುವೆನೆಂದು ಮಗಳು ಹಟ ಹಿಡಿದಳು, ನಾವು ಒಪ್ಪಿಕೊಂಡೆವು. ಈ ಸಂಬಳದ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಪರವಾನಗಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಏಕೆಂದರೆ ಇದರಲ್ಲಿ ಅನೇಕರು ತಬ್ಬಿಬ್ಬಾಗುತ್ತಾರೆ. ಯುರೋಪಿನ ಹಲವು ದೇಶಗಳು ತಮ್ಮ ತಮ್ಮೊಳಗಿನ ಗಡಿ ತಪಾಸಣೆಯನ್ನು ತೆಗೆದುಹಾಕುವ ಒಪ್ಪಂದವನ್ನು 1985ರಲ್ಲಿ ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಸಣ್ಣ ಊರಿನಲ್ಲಿ ಮಾಡಿಕೊಂಡವು. ಆ ಊರಿನ ಹೆಸರೇ ಈ ವ್ಯವಸ್ಥೆಗೆ ಅಂಟಿಕೊಂಡಿತು. ಸ್ಲೊವಾಕಿಯಾ ಅದರೊಳಗೆ ಬಂದದ್ದು 2007ರ ಡಿಸೆಂಬರ್ 21ರಂದು. ಈಗ 29 ದೇಶಗಳು ಅದರಲ್ಲಿವೆ. ನಮ್ಮಂತಹ ಪ್ರವಾಸಿಗರು ಯಾವ ದೇಶದಲ್ಲಿ ಹೆಚ್ಚು ಕಾಲ ಇರುತ್ತೇವೆಯೋ ಆ ದೇಶದ ವೀಸಾ ಕೇಳಬೇಕು. ಇಳಿಯುವುದು ಬೇರೆ ದೇಶದಲ್ಲಾದರೂ ಅಡ್ಡಿಯಿಲ್ಲ. 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಹೀಗೆ ನಮ್ಮ ಕೈಯಲ್ಲಿದ್ದದ್ದು ಸ್ಲೊವಾಕಿಯಾದ ವೀಸಾ. ಅದನ್ನು ನೋಡಿ ಮುದ್ರೆಯೊತ್ತಬೇಕಾದವನು ಆಸ್ಟ್ರಿಯಾದ ಅಧಿಕಾರಿ. (2025ರ ಅಕ್ಟೋಬರ್ 12ರಿಂದ ಮುದ್ರೆಯ ಬದಲು ಬೆರಳಚ್ಚು ಮತ್ತು ಮುಖಚಿತ್ರ ಪಡೆಯುವ ಪದ್ಧತಿ ಹಂತಹಂತವಾಗಿ ಬಂದಿದೆ. ಈಗ ಹೋಗುವ ಹಿರಿಯರು ಅದಕ್ಕೂ ಒಂದಿಷ್ಟು ಸಮಯವನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.)

ಹೊರಗಿನ ದೇಶಗಳಿಂದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ಆದಕಾರಣ ಮನೆಯ ತುಪ್ಪ, ಧಾರವಾಡದ ಪೇಡೆ ಎರಡನ್ನೂ ಕೊನೆಯ ಗಳಿಗೆಯಲ್ಲಿ ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಕಾಯಿತು. ನಮ್ಮ ಮನೆಯವರಿಗೆ ಇದು ದೊಡ್ಡ ಸಂಕಟ. ಅಂಟು, ಅಳವಿ, ಒಣ ಖಾರೀಕು, ಕೊಬ್ಬರಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಇವು ಮಾತ್ರ ನಮ್ಮೊಡನೆ ಬಂದವು. ಮೈಮೇಲೆ ಲಿಂಗವಿರುವವರು ಬೆಳ್ಳಿಯ ಕರಡಿಗೆಯನ್ನು ಧರಿಸಿದ್ದರೆ ತಪಾಸಣೆಯ ಯಂತ್ರ ಕೂಗುವುದುಂಟು. ಕೊಲ್ಲಿ ದೇಶದಲ್ಲಿ ವಿಮಾನ ಬದಲಿಸುವಾಗ ನಮಗೆ ಹಾಗಾಯಿತು. ಶಾಂತವಾಗಿ ತೆರೆದು ತೋರಿಸಿ, ಇದು ನಾವು ಪೂಜಿಸುವ ವಸ್ತು ಎಂದು ಹೇಳಿದ ಮೇಲೆ ಅವರು ಮುಟ್ಟಲೂ ಇಲ್ಲ.

ತಡವಾದದ್ದು ಅಲ್ಲಿಯೇ. ಎರಡನೆಯ ವಿಮಾನ ಎರಡು ಗಂಟೆಗೂ ಮಿಕ್ಕಿ ನಿಂತಿತು. ಕಾರಣವನ್ನು ಯಾರೂ ತಿಳಿಸಲಿಲ್ಲ. ರಾತ್ರಿ ಎಂಟಕ್ಕೆ ವಿಯೆನ್ನಾ ಮುಟ್ಟಬೇಕಿದ್ದ ನಾವು ನೆಲಕ್ಕಿಳಿದಾಗ ಹತ್ತೂವರೆ. ಮನೆಯಿಂದ ಹೊರಟು ಆಗಲೇ ಒಂದು ದಿನ ಕಳೆದಿತ್ತು. ವಲಸೆ ಕಟ್ಟೆಯ ಅಧಿಕಾರಿ ಸ್ಲೊವಾಕಿಯಾದ ವೀಸಾವನ್ನು ತಿರುಗಿಸಿ ಮುರುಗಿಸಿ ನೋಡಿ, ಇಲ್ಲಿಂದ ಹೇಗೆ ಹೋಗುವಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಬಸ್ಸಿನಲ್ಲಿ ಎಂದೆವು. ಗಡಿಯಾರವನ್ನೊಮ್ಮೆ ನೋಡಿ, ಬೇಗ ನಡೆಯಿರಿ ಎಂದು ಮುದ್ರೆಯೊತ್ತಿದ. ಆ ಒಂದು ಸೌಜನ್ಯದ ನುಡಿಯೇ ನಮ್ಮನ್ನು ಹೆದರಿಸಿತು.

ನಿಲ್ದಾಣದ ಉಚಿತ ಸಂಪರ್ಕಕ್ಕೆ ದೂರವಾಣಿ ಹತ್ತಿದೊಡನೆ ಅಳಿಯಂದಿರ ಕರೆ ಬಂತು. “ಮಾವಾರ, ನಾನು ಕರಕೊಳ್ಳಾಕ ಬರಾಕ ಆಗೂದಿಲ್ಲರಿ. ಆಕೀಗೆ ಸಂಜೀನ ಬ್ಯಾನಿ ಸುರು ಆಗ್ಯಾವು, ದವಾಖಾನಿ ಒಳಗದೀವಿ. ನೀವು ಹೆಂಗರ ಮಾಡಿ ಬಸ್ ಹಿಡೀರಿ” ಎಂದರು. ಹೆರಿಗೆಗೆ ಇನ್ನೂ ಎರಡು ವಾರವಿದೆಯೆಂದು ವೈದ್ಯರು ಹೇಳಿದ್ದರು. ನಮ್ಮ ಮನೆಯವರು ಒಂದು ಮಾತನ್ನೂ ಆಡದೆ ಚೀಲವನ್ನು ಹೆಗಲಿಗೇರಿಸಿ ನಡೆಯತೊಡಗಿದರು. ಮೊಣಕಾಲಿನ ನೋವಿನಿಂದ ಮನೆಯ ಮೆಟ್ಟಿಲನ್ನೂ ನಿಧಾನವಾಗಿ ಇಳಿಯುವ ಅವರ ಹಿಂದೆ ನಾವು ಓಡಬೇಕಾಯಿತು.

ಮುಂಗಡವಾಗಿ ಕೊಂಡಿದ್ದ ನಮ್ಮ ಚೀಟಿ ಒಂಬತ್ತೂವರೆಯ ಬಸ್ಸಿನದು. ಅದು ಹೋಗಿ ಒಂದು ಗಂಟೆಯ ಮೇಲಾಗಿತ್ತು. ವಿಚಾರಣೆಯ ಮೇಜಿನ ಬಳಿ ಒಬ್ಬಾತ, ಬ್ರಾಟಿಸ್ಲಾವಾದ ಕಡೆಗೆ ರೈಲೂ ಉಂಟು, ಆದರೆ ಅದು ವೊಲ್ಫ್‌ಸ್ಟಾಲ್ ಎಂಬ ಹಳ್ಳಿಯಲ್ಲಿ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಹಳಿಯೇ ಇಲ್ಲ ಎಂದ. ನಮಗೆ ಇದು ವಿಚಿತ್ರವೆನಿಸಿತು. ತರುವಾಯ ವಿಚಾರಿಸಿದಾಗ ತಿಳಿದುಬಂದ ಸಂಗತಿಯಿದು: 1914ರಲ್ಲಿ ವಿಯೆನ್ನಾದಿಂದ ಈಗಿನ ಬ್ರಾಟಿಸ್ಲಾವಾದವರೆಗೆ ನೇರವಾದ ವಿದ್ಯುತ್ ರೈಲು ತೊಡಗಿತ್ತು. ಆಗ ಎರಡೂ ಊರುಗಳು ಒಂದೇ ಸಾಮ್ರಾಜ್ಯದಲ್ಲಿದ್ದವು. ಮೊದಲನೆಯ ಮಹಾಯುದ್ಧದ ಬಳಿಕ ನಡುವೆ ಗಡಿ ಬಿತ್ತು. ಎರಡನೆಯದರ ಬಳಿಕ ಗಡಿಯಾಚೆಯ ಓಡಾಟ ನಿಂತಿತು. ಗಡಿ ತಪಾಸಣೆ ಹೋದರೂ ಹಳಿ ಮರಳಿ ಬರಲಿಲ್ಲ. ಆಚೆಯ ನಗರದ ದೀಪಗಳು ಕಾಣುವಷ್ಟು ಸಮೀಪಕ್ಕೆ ಹೋಗಿ ಆ ರೈಲು ನಿಲ್ಲುತ್ತದೆ. ಆ ರಾತ್ರಿ ಅದನ್ನು ಹತ್ತಿದ್ದರೆ ನಾವು ನಾಲ್ಕು ಪೆಟ್ಟಿಗೆಗಳೊಡನೆ ಒಂದು ನಿರ್ಜನ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಬೆಳಗು ಮಾಡಬೇಕಾಗುತ್ತಿತ್ತು.

ಹನ್ನೊಂದೂ ಮುಕ್ಕಾಲಿಗೆ ಇನ್ನೊಂದು ಬಸ್ಸು ಇದೆಯೆಂದೂ ಅದರ ನಂತರ ಬೆಳಗಿನ ಜಾವದವರೆಗೆ ಆಸೆಯಿಲ್ಲವೆಂದೂ ಅಳಿಯಂದಿರು ತಿಳಿಸಿದ್ದರು. ಹೊರಗೆ ಬಂದು ಸಾಲಾಗಿ ನಿಂತ ಫಲಕಗಳ ನಡುವೆ ನಾವು ಮೊದಲು ನಿಂತದ್ದು ವಿಯೆನ್ನಾ ಊರೊಳಗೆ ಹೋಗುವ ಬಸ್ಸಿನ ತಾಣದಲ್ಲಿ. ಅಷ್ಟರಲ್ಲಿ ನಮ್ಮ ಬಸ್ಸು ಬಂದು ಬೇರೊಂದು ತಾಣದಲ್ಲಿ ನಿಂತಿತು. ಚಾಲಕ ನಮ್ಮ ಚೀಟಿಯನ್ನು ನೋಡಿ ತಲೆಯಾಡಿಸಿದ: ಅದು ಬೇರೆ ಸಂಸ್ಥೆಯದು, ಇದರಲ್ಲಿ ನಡೆಯದು, ಹೊಸದಾಗಿ ಕೊಳ್ಳೋಣವೆಂದರೆ ಆಸನಗಳೆಲ್ಲ ಮುಂಗಡವಾಗಿ ತುಂಬಿವೆ. ಆತ ಒರಟನಲ್ಲ, ಪಟ್ಟಿಯನ್ನು ನಮ್ಮ ಮುಖದೆದುರು ಹಿಡಿದು ತೋರಿಸಿದ. ಆದರೆ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲದ ಮೇಲೆ ಸೌಜನ್ಯದಿಂದೇನು ಪ್ರಯೋಜನ?

“ಬಸ್ ತಪ್ಪಿದ್ರ ರಾತ್ರೆಲ್ಲ ಎಲ್ಲಿ ಕೂಡೂದ್ರಿ? ಆಕಿ ಅಲ್ಲಿ ಒಬ್ಬಾಕಿ…” ಎಂದು ನಮ್ಮ ಮನೆಯವರು ಅಷ್ಟಕ್ಕೇ ನಿಲ್ಲಿಸಿದರು. ಮಠದ ಪ್ರಸಾದ ನಿಲಯದಲ್ಲಿ ಬೆಳೆದ ನಮಗೆ ರಾತ್ರಿಯ ಎಚ್ಚರ ಹೊಸದಲ್ಲ, ಕಲ್ಲುಹಾಸಿನ ಮೇಲೆ ಮಲಗಿದ್ದೂ ಉಂಟು. ಆ ವಿದ್ಯೆ ಆ ಗಳಿಗೆಯಲ್ಲಿ ಅವರಿಗೆ ಯಾವ ಸಮಾಧಾನವನ್ನೂ ಕೊಡಲಾರದಾಗಿತ್ತು.

ಆಗ ನಮ್ಮ ಹಿಂದೆ ನಿಂತಿದ್ದ ಒಬ್ಬ ಹೆಂಗಸು ಚಾಲಕನೊಡನೆ ಅವರ ಭಾಷೆಯಲ್ಲಿ ಏನನ್ನೋ ಹೇಳಿದಳು. ಐವತ್ತು ದಾಟಿದ ವಯಸ್ಸು, ಒಂದು ಸಣ್ಣ ಗಾಲಿಪೆಟ್ಟಿಗೆ, ದಣಿದ ಮುಖ. ಚಾಲಕ ನಮ್ಮ ಮನೆಯವರ ಮೊಣಕಾಲಿನ ಕಡೆ ನೋಡಿದ. ಕೈಯೆತ್ತಿ ನಿಲ್ಲಿರೆಂದು ಸನ್ನೆಮಾಡಿದ. ಪಟ್ಟಿಯವರೆಲ್ಲ ಹತ್ತಿದರು. ಹೊರಡುವ ವೇಳೆ ಮೀರಿ ಎರಡು ನಿಮಿಷವಾದರೂ ಇಬ್ಬರು ಬರಲಿಲ್ಲ. ಯಾರೋ ನಮ್ಮಂತೆಯೇ ವಿಮಾನ ತಡವಾದವರಿರಬೇಕು. ಅವರ ಆಸನಗಳಲ್ಲಿ ನಾವು ಕುಳಿತೆವು. ಇಬ್ಬರಿಗೂ ಸೇರಿ 20 ಯೂರೋ ಕೊಟ್ಟದ್ದು ನೆನಪು. ಆ ಇಬ್ಬರು ಆ ರಾತ್ರಿಯನ್ನು ಎಲ್ಲಿ ಕಳೆದರೋ ಎಂಬ ಯೋಚನೆ ನಮಗೆ ಬಂದದ್ದು ಮರುದಿನ, ಹೊಟ್ಟೆ ತುಂಬಿದ ಮೇಲೆ.

ಬಸ್ಸು ಹೆದ್ದಾರಿಗೆ ಬಿದ್ದೊಡನೆ ನಾವು ಎರಡೂ ಪಾಸ್‌ಪೋರ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡೆವು. ಆಮಂತ್ರಣ ಪತ್ರ, ವಿಮೆಯ ಕಾಗದ, ಮಗಳ ವಿಳಾಸ ಇವನ್ನು ಮಡಿಸಿ ಅವುಗಳೊಳಗೆ ಇಟ್ಟೆವು. ಗಡಿಯಲ್ಲಿ ಬಸ್ಸು ನಿಲ್ಲುತ್ತದೆ, ಇಳಿಯಬೇಕಾಗುತ್ತದೆ, ಪೆಟ್ಟಿಗೆ ಬಿಚ್ಚಿಸುತ್ತಾರೆ, ಅಳವಿಯನ್ನು ಕಂಡು ಇದೇನೆಂದು ಕೇಳುತ್ತಾರೆ ಎಂದು ಮನಸ್ಸಿನಲ್ಲೇ ಉತ್ತರಗಳನ್ನು ಇಂಗ್ಲಿಷಿನಲ್ಲಿ ಕೂಡಿಸುತ್ತಿದ್ದೆವು. ತಪಾಸಣೆಯಿಲ್ಲವೆಂದು ಓದಿ ತಿಳಿದಿದ್ದೆವು, ನಿಜ. ಓದಿದ್ದು ಬೇರೆ, ನಂಬುವುದು ಬೇರೆ. ನಾವು ಗಡಿನಾಡಿನವರು. ಜತ್ತ, ಸಾಂಗಲಿ, ಸೊಲ್ಲಾಪುರಗಳಲ್ಲಿ ನಮ್ಮವರ ಬೀಗತನಗಳಿವೆ. ಒಂದೇ ದೇಶದೊಳಗೆ, ಯಾವ ಪಾಸ್‌ಪೋರ್ಟೂ ಇಲ್ಲದ ಕಡೆ, ಗಡಿಯ ವಿವಾದ ಬಿಸಿಯಾದ ದಿನ ಬಸ್ಸು ಈಚೆಯ ಊರಿನಲ್ಲೇ ನಿಂತು, ಮದುವೆಗೆ ಹೊರಟವರು ಮರಳಿ ಮನೆಗೆ ಬಂದದ್ದನ್ನು ಕಂಡಿದ್ದೇವೆ. 2022ರ ಡಿಸೆಂಬರಿನಲ್ಲಿಯೂ ಹಾಗಾಯಿತು. ಹೀಗಿರಲು ಎರಡು ಸ್ವತಂತ್ರ ದೇಶಗಳ ನಡುವೆ ಬಸ್ಸು ನಿಲ್ಲದೆ ಹೋದೀತೆಂದು ಹೇಗೆ ನಂಬುವುದು?

ಎಡಗಡೆಗೆ, ಕತ್ತಲಲ್ಲಿ ಎಲ್ಲಿಯೋ ಡಾನ್ಯೂಬ್ ನದಿ ಹರಿಯುತ್ತಿತ್ತು. ಅದರ ದಂಡೆಯ ಮೇಲೆ ರೋಮನರ ಕಾರ್ನುಂಟುಂ ಎಂಬ ಪಟ್ಟಣದ ಅವಶೇಷಗಳಿವೆ. ಮಾರ್ಕಸ್ ಆರೇಲಿಯಸ್ ಚಕ್ರವರ್ತಿ ನದಿಯಾಚೆಯ ಜನರೊಡನೆ ಕಾದಾಡುತ್ತ ಅಲ್ಲಿ ಬೀಡುಬಿಟ್ಟಿದ್ದ. ತನ್ನ ಆತ್ಮಚಿಂತನೆಗಳಲ್ಲಿ ಕೆಲವನ್ನು ಅಲ್ಲಿ ಬರೆದನೆಂದು ಪ್ರಸಿದ್ಧಿ. ರೋಮನರಿಗೆ ನದಿಯೇ ಗಡಿ. ಬಲಗಡೆಗೆ ಬಯಲು. ಆ ಬಯಲಿನ ತುಂಬ ಆಳೆತ್ತರದಲ್ಲಿ ಕೆಂಪು ದೀಪಗಳು ಒಮ್ಮೆಗೇ ಹೊತ್ತಿ ಒಮ್ಮೆಗೇ ಆರುತ್ತಿದ್ದವು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವು ಆಳೆತ್ತರದವಲ್ಲ, ದೂರದ ಗಾಳಿಗಿರಣಿಗಳ ನೆತ್ತಿಯ ದೀಪಗಳೆಂದು ತಿಳಿಯಿತು. ಗದಗಿನ ಹಾದಿಯಲ್ಲಿ ರಾತ್ರಿ ಬಂದವರಿಗೆ ಈ ನೋಟ ಅಪರಿಚಿತವಲ್ಲ. ನಮ್ಮ ಮನೆಯವರೂ, “ನಮ್ಮ ಕಪ್ಪತಗುಡ್ಡದಂಗ ಐತಲ್ರಿ” ಎಂದರು. ವಿಮಾನದಿಂದ ಇಳಿದ ಮೇಲೆ ಅವರ ಧ್ವನಿಯಲ್ಲಿ ಸ್ವಲ್ಪ ಹಗುರ ಕೇಳಿದ್ದು ಅದೇ ಮೊದಲು.

ನಮಗಾಗಿ ಮಾತಾಡಿದ ಹೆಂಗಸು ದಾರಿಯ ಆಚೆಯ ಆಸನದಲ್ಲಿದ್ದಳು. ನಮ್ಮ ಮನೆಯವರು ರೊಟ್ಟಿಯ ಗಂಟನ್ನು ಬಿಚ್ಚಿ ಒಂದು ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಆಕೆಯ ಕೈಗಿತ್ತರು. ಆಕೆ ಮುರಿದು ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಆಕೆಗೆ ಬರುತ್ತಿದ್ದ ಇಂಗ್ಲಿಷು ನಮ್ಮದಕ್ಕಿಂತ ಹೆಚ್ಚೇನೂ ಇರಲಿಲ್ಲವಾದ್ದರಿಂದ ಸಂಭಾಷಣೆ ಸುಲಭವಾಯಿತು. ಆಕೆ ವೃದ್ಧರ ಆರೈಕೆ ಮಾಡುವವಳು. ವಿಮಾನ ನಿಲ್ದಾಣದ ಸಮೀಪದ ಹಳ್ಳಿಯೊಂದರಲ್ಲಿ ಒಬ್ಬ ಆಸ್ಟ್ರಿಯನ್ ಮುದುಕಿಯ ಮನೆಯಲ್ಲೇ ಎರಡು ವಾರ ಹಗಲೂ ರಾತ್ರಿ ಇರುತ್ತಾಳೆ. ಅನಂತರ ಇನ್ನೊಬ್ಬಳು ಬಂದು ಬಿಡಿಸಿಕೊಂಡರೆ ಎರಡು ವಾರ ತನ್ನ ಮನೆಗೆ. ಆ ದಿನ ಬದಲಿಯಾಕೆ ಬರುವುದು ತಡವಾಗಿ, ಆಕೆಯೂ ಈ ಕೊನೆಯ ಬಸ್ಸಿಗೆ ಬಿದ್ದಿದ್ದಳು.

ಇದು ಆಕೆಯೊಬ್ಬಳ ಕತೆಯಲ್ಲ. ಆಸ್ಟ್ರಿಯಾದ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಎತ್ತಿ ಕೂರಿಸುವವರು, ಉಣಿಸುವವರು, ರಾತ್ರಿ ನರಳಿದರೆ ಏಳುವವರು ಬಹುಪಾಲು ಸ್ಲೊವಾಕಿಯಾ, ರುಮೇನಿಯಾ ಮೊದಲಾದ ದೇಶಗಳ ಹೆಂಗಸರು. ಮೊದಲು ಕದ್ದುಮುಚ್ಚಿ ನಡೆಯುತ್ತಿದ್ದ ಈ ದುಡಿಮೆಯನ್ನು ಆಸ್ಟ್ರಿಯಾ 2007ರಲ್ಲಿ ಕಾಯ್ದೆಯ ಮೂಲಕ ಸಕ್ರಮಗೊಳಿಸಿತು. ಗಡಿ ತೆರೆದದ್ದೂ ಅದೇ ವರ್ಷ. ಗಡಿಯ ಸಮೀಪದ ಆಸ್ಟ್ರಿಯನ್ ಹಳ್ಳಿಗಳಲ್ಲಿ ಬ್ರಾಟಿಸ್ಲಾವಾದವರು ಮನೆ ಕೊಂಡು ಅತ್ತ ಮಲಗಿ ಇತ್ತ ದುಡಿಯುವುದೂ ಆಮೇಲೆ ತೊಡಗಿತು. ಹಣ, ಮನೆ, ಮುಪ್ಪು ಎಲ್ಲವೂ ಎರಡು ದಿಕ್ಕಿಗೂ ಗಡಿ ದಾಟುತ್ತಿವೆ.

“ನಿಮ್ಮ ತಾಯಿ ಇದ್ದಾರೆಯೇ?” ಎಂದು ನಮ್ಮ ಮನೆಯವರು ಕೇಳಿಸಿದರು. ಇದ್ದಾಳೆ, 85 ವರ್ಷ, ರುಸೊವ್ಸೆ ಎಂಬಲ್ಲಿ. ಎರಡು ವಾರ ತಾನು ನೋಡುತ್ತಾಳೆ. ತಾನಿಲ್ಲದ ಎರಡು ವಾರ ನೆರೆಯವಳೊಬ್ಬಳು. “ಅವಳಿಗೆ ನಾನು ಹಣ ಕೊಡುತ್ತೇನೆ. ಆ ಹಣ ನನಗೆ ಆ ಮುದುಕಿ ಕೊಟ್ಟದ್ದು” ಎಂದು ಆಕೆ ನಕ್ಕಳು. ನಾವು ಅದನ್ನು ಕನ್ನಡದಲ್ಲಿ ಹೇಳಿದಾಗ ನಮ್ಮ ಮನೆಯವರು ನಗಲಿಲ್ಲ. “ನಮ್ಮದೂ ಹಂಗ ಐತಿ ಅಂತ ಹೇಳ್ರಿ” ಎಂದರು. ಹೇಳಿದೆವು: ಜಮಖಂಡಿಯಲ್ಲಿರುವ ಅತ್ತೆ, ಅವರ ಬಳಿ ಬಿಟ್ಟ ಹೆಣ್ಣುಮಗಳು, ಅವಳಿಗೆ ಬ್ರಾಟಿಸ್ಲಾವಾದಿಂದ ಹೋಗುವ ಸಂಬಳ. ಆಕೆ ಕೈಚಾಚಿ ನಮ್ಮ ಮನೆಯವರ ಮೊಣಕೈಯನ್ನು ಒಮ್ಮೆ ಒತ್ತಿ ಬಿಟ್ಟಳು.

ಆಕೆಯ ತಾಯಿ ಹುಟ್ಟಿದಾಗ ರುಸೊವ್ಸೆ ಹಂಗೇರಿಗೆ ಸೇರಿತ್ತಂತೆ. 1947ರಲ್ಲಿ ಪ್ಯಾರಿಸಿನ ಒಪ್ಪಂದದ ಪ್ರಕಾರ ಆ ಊರೂ ಅದರ ಪಕ್ಕದ ಎರಡು ಹಳ್ಳಿಗಳೂ ಚೆಕೊಸ್ಲೊವಾಕಿಯಾದ ಪಾಲಾದವು. 1993ರ ಜನವರಿ 1ರಂದು ಆ ದೇಶವೇ ಎರಡಾಗಿ ಸ್ಲೊವಾಕಿಯಾ ಬೇರೆಯಾಯಿತು. ಮುದುಕಿ ಮಾತ್ರ ಅದೇ ಬೀದಿಯಲ್ಲಿದ್ದಾಳೆ. ನಮ್ಮ ತಾಯಿಯವರು ಹುಟ್ಟಿದ್ದು ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿ. 1948ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಕರ್ನಾಟಕವೆಂದು ಹೆಸರಾಯಿತು. ಅವರೂ ಆ ಊರನ್ನು ಬಿಟ್ಟು ಕದಲಿದವರಲ್ಲ. ಬ್ರಾಟಿಸ್ಲಾವಾಕ್ಕೆ ಆ ಹೆಸರು ಬಂದದ್ದೂ 1919ರಲ್ಲಿ. ಅದಕ್ಕೆ ಮೊದಲು ಜರ್ಮನರಿಗೆ ಅದು ಪ್ರೆಸ್‌ಬುರ್ಗ್, ಹಂಗೇರಿಯವರಿಗೆ ಪೊಜೋನಿ.

ಗಡಿ ಯಾವಾಗ ಬರುತ್ತದೆ ಎಂದು ನಾವು ಕೇಳಿದೆವು. ಆಕೆ ನಮ್ಮ ಕೈಯಲ್ಲಿದ್ದ ಪಾಸ್‌ಪೋರ್ಟುಗಳನ್ನು ಆಗಲೇ ಗಮನಿಸಿದ್ದಳೆಂದು ತೋರುತ್ತದೆ. ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿದಳು. ಹೋಯಿತು! ರೊಟ್ಟಿ ತಿನ್ನುವಾಗ ರಸ್ತೆಯ ಮೇಲೆ ಚಾಚಿದ ಒಂದು ಅಗಲವಾದ ಛಾವಣಿಯ ಕೆಳಗೆ ಬಸ್ಸು ಸ್ವಲ್ಪ ನಿಧಾನವಾಗಿದ್ದು ನಿಜ. ನಾವು ಅದನ್ನು ಸುಂಕದಕಟ್ಟೆಯೆಂದು ತಿಳಿದಿದ್ದೆವು. ಅಷ್ಟರಲ್ಲಿ ನಮ್ಮ ದೂರವಾಣಿ ಸದ್ದು ಮಾಡಿತು. ನಿಲ್ದಾಣವನ್ನು ಬಿಟ್ಟ ಮೇಲೆ ಅದಕ್ಕೆ ಯಾವ ಸುದ್ದಿಯೂ ಬಂದಿರಲಿಲ್ಲ. ಅಳಿಯಂದಿರದೇ ಇರಬೇಕೆಂದು ನಮ್ಮ ಮನೆಯವರು ಕಸಿದುಕೊಂಡು ನಮ್ಮ ಕಣ್ಣೆದುರು ಹಿಡಿದರು. ಸ್ಲೊವಾಕಿಯಾಕ್ಕೆ ಸ್ವಾಗತ, ಇಲ್ಲಿ ಒಂದು ನಿಮಿಷದ ಕರೆಗೆ ಇಷ್ಟು ರೂಪಾಯಿ ಎಂದು ದೂರವಾಣಿ ಸಂಸ್ಥೆಯವರು ಬರೆದಿದ್ದರು. ಆ ರಾತ್ರಿ ನಾವು ಕಂಡ ಗಡಿ ಅದೊಂದೇ.

ಆಕೆ ಕಂಡ ಗಡಿ ಬೇರೆ. ಡಾನ್ಯೂಬಿನ ಬಲದಂಡೆಯ ಪೆತ್ರ್‌ಜಾಲ್ಕಾ ಎಂಬ ಬಡಾವಣೆಯಲ್ಲಿ ಆಕೆಯ ವಾಸ. ಲಕ್ಷಕ್ಕೂ ಮಿಕ್ಕಿ ಜನ ಸಾಲುಸಾಲು ಎತ್ತರದ ಕಟ್ಟಡಗಳಲ್ಲಿರುವ ಜಾಗವದು. 1938ರಲ್ಲಿ ಹಿಟ್ಲರನ ಜರ್ಮನಿ ಅದನ್ನು ಕಿತ್ತುಕೊಂಡಾಗ ಗಡಿ ನದಿಯ ಸೇತುವೆಗೆ ಬಂದು ನಿಂತಿತ್ತು. ಯುದ್ಧ ಮುಗಿದ ಮೇಲೆ ಹಿಂದೆ ಸರಿಯಿತು. ಕಮ್ಯುನಿಸ್ಟ್ ಆಳಿಕೆಯಲ್ಲಿ ಬಡಾವಣೆಯಾಚೆಯ ಹೊಲಗಳಲ್ಲಿ ಮುಳ್ಳುತಂತಿ, ಕಾವಲುಗೋಪುರ. ಒಂದು ಕಾಲಕ್ಕೆ ತಂತಿಯಲ್ಲಿ ವಿದ್ಯುತ್ತು. ನುಸುಳಲು ಹೋಗಿ ಸತ್ತವರ ಸ್ಮಾರಕವೊಂದು ಈಗ ಡೆವಿನ್ ಕೋಟೆಯ ಕೆಳಗೆ, ಮೊರಾವಾ ನದಿ ಡಾನ್ಯೂಬನ್ನು ಕೂಡುವಲ್ಲಿ ಇದೆ. 1989ರ ಡಿಸೆಂಬರ್ 10ರಂದು, ಆಳಿಕೆ ಕುಸಿದ ಹೊಸತರಲ್ಲಿ, ಬ್ರಾಟಿಸ್ಲಾವಾದ ಲಕ್ಷದಷ್ಟು ಜನ ಕಾಲ್ನಡಿಗೆಯಲ್ಲಿ ಗಡಿ ದಾಟಿ ಆಸ್ಟ್ರಿಯಾದ ಹೈನ್‌ಬುರ್ಗ್ ಪಟ್ಟಣಕ್ಕೆ ಹೋದರು. ಆಗ ಇಪ್ಪತ್ತನಾಲ್ಕು ವರ್ಷದವಳಾಗಿದ್ದ ಆಕೆಯೂ ಅವರಲ್ಲಿದ್ದಳು. ಅಲ್ಲಿ ಏನು ಮಾಡಿದಿರಿ ಎಂದು ಕೇಳಿದೆವು. ಏನೂ ಇಲ್ಲ, ಚಹಾ ಕೊಟ್ಟರು, ಕುಡಿದು ನಡೆದು ಮನೆಗೆ ಬಂದೆ, ಕಾಲು ನೋಯುತ್ತಿತ್ತು ಎಂದಳು.

ಇಲ್ಲಿಗೆ ಗಡಿಗಳ ಕಾಲ ಮುಗಿಯಿತೆಂದು ಬರೆದರೆ ಲೇಖನ ಅಂದವಾಗುತ್ತಿತ್ತೇನೋ. ಆದರೆ ಅದು ಸತ್ಯವಾಗದು. ನಾವು ಮರಳಿ ಬಂದು ಮೂರು ತಿಂಗಳಾಗಿರಲಿಲ್ಲ, 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭಯದಿಂದ ಸ್ಲೊವಾಕಿಯಾ ಗಡಿ ಮುಚ್ಚಿತು. ಹೊಲದ ನಡುವಿನ ಸಣ್ಣ ದಾರಿಗಳಿಗೂ ಅಡ್ಡಗಟ್ಟೆ ಬಿತ್ತು. ಆರೈಕೆಯ ಹೆಂಗಸರಲ್ಲಿ ಎಷ್ಟೋ ಮಂದಿ ಎರಡು ವಾರಕ್ಕೆಂದು ಹೋದವರು ಅಲ್ಲಿಯೇ ಸಿಕ್ಕಿಕೊಂಡರು. ಎಷ್ಟೋ ಮಂದಿ ಇತ್ತಲಿಂದ ಹೋಗಲಾರದಾದರು. ಆಸ್ಟ್ರಿಯಾದವರು ರುಮೇನಿಯಾ, ಬಲ್ಗೇರಿಯಾಗಳಿಂದ ವಿಮಾನದಲ್ಲಿ ಅಂಥವರನ್ನು ಕರೆಸಿಕೊಳ್ಳಬೇಕಾಯಿತು. ಅವರು ಬಂದಿಳಿದದ್ದು ನಾವು ಇಳಿದಿದ್ದ ಅದೇ ನಿಲ್ದಾಣದಲ್ಲಿ. ಮುಂದೆಯೂ, ವಲಸಿಗರ ಕಾರಣವೊಡ್ಡಿ ಆಸ್ಟ್ರಿಯಾ 2022ರಲ್ಲಿ ಹಾಗೂ 2023ರಲ್ಲಿ ಆ ಗಡಿಯಲ್ಲಿ ಮತ್ತೆ ತಪಾಸಣೆ ತೊಡಗಿಸಿತು. ನಮ್ಮ ಸಹಪ್ರಯಾಣಿಕೆ 2020ರಲ್ಲಿ ಯಾವ ಮುದುಕಿಯ ಬಳಿ ಉಳಿದಳೋ, ಕೂಲಿ ಕೊಟ್ಟವಳ ಬಳಿಯೋ ಹೆತ್ತವಳ ಬಳಿಯೋ, ನಮಗೆ ತಿಳಿಯದು. ಹೆಸರನ್ನೂ ಕೇಳಿರಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಮಗುವನ್ನು ಅಜ್ಜಿಗೆ ತೋರಿಸಲು ಬರುವೆನೆಂದು ಹೇಳಿದ್ದ ಮಗಳಿಗೆ ಬರಲಾಗಲಿಲ್ಲ. ನಮ್ಮ ತಾಯಿಯವರು 2021ರಲ್ಲಿ ಲಿಂಗೈಕ್ಯರಾದರು. ಮರಿಮಗಳನ್ನು ಅವರು ಕಂಡದ್ದು ದೂರವಾಣಿಯ ಗಾಜಿನಲ್ಲಿ ಮಾತ್ರ.

ಆ ರಾತ್ರಿಗೆ ಮರಳೋಣ. ಪೆತ್ರ್‌ಜಾಲ್ಕಾದ ತಂಗುದಾಣದಲ್ಲಿ ಆಕೆ ಇಳಿದಳು. ಉಳಿದ ರೊಟ್ಟಿಗಳನ್ನು ನಮ್ಮ ಮನೆಯವರು ಗಂಟು ಸಮೇತ ಆಕೆಯ ಚೀಲಕ್ಕೆ ತುರುಕಿದ್ದರು, ತಾಯಿಗೆ ಕೊಡಿರೆಂದು. ಆ ವಯಸ್ಸಿನಲ್ಲಿ ಆ ಮುದುಕಿ ಖಡಕ್ ರೊಟ್ಟಿಯನ್ನು ಹೇಗೆ ತಿಂದಳೋ! ಬಸ್ಸು ಡಾನ್ಯೂಬನ್ನು ದಾಟಿತು. ಆ ಸೇತುವೆ 1972ರದು. ಅದರ ಕಂಬದ ನೆತ್ತಿಯ ಮೇಲೆ ತಟ್ಟೆಯಂತಹ ಉಪಾಹಾರ ಗೃಹವೊಂದಿದೆ. ದಂಡೆಗಿಳಿದು ಸೇತುವೆಯ ಅಡಿಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಹನ್ನೆರಡೂ ಮುಕ್ಕಾಲು. ದೀಪದ ಕಂಬಕ್ಕೆ ಒರಗಿ ಅಳಿಯಂದಿರು ನಿಂತಿದ್ದರು. ನಾವು ಇಳಿಯುವ ಮೊದಲೇ ಅವರು ನಗುತ್ತಿದ್ದುದು ಕಿಟಕಿಯಿಂದ ಕಂಡಿತು. “ಹನ್ನೊಂದೂ ಮೂವತ್ತೈದಕ್ಕ, ಹೆಣ್ಣುಕೂಸರಿ ಅತ್ತೇರ. ಇಬ್ಬರೂ ಆರಾಮದಾರ” ಎಂದರು. ನಮ್ಮ ಮನೆಯವರು ಅಲ್ಲಿಯ ಕಲ್ಲುಕಟ್ಟೆಯ ಮೇಲೆ ಕುಳಿತುಬಿಟ್ಟರು. ಮೊಣಕಾಲು ಆಗ ನೆನಪಾಯಿತೆಂದು ಕಾಣುತ್ತದೆ.

ಜಮಖಂಡಿಯಲ್ಲಿ ಆಗ ಬೆಳಗಿನ ನಾಲ್ಕೂ ಕಾಲು. ನಮ್ಮ ತಾಯಿಯವರು ನಾಲ್ಕಕ್ಕೆ ಏಳುವವರು. ಅಳಿಯಂದಿರ ದೂರವಾಣಿಯಿಂದ ಕರೆ ಮಾಡಿದೆವು. ಎತ್ತಿಕೊಂಡವಳು ಕಾವಲಿಗಿದ್ದ ಹೆಣ್ಣುಮಗಳು. “ಆಯಿ ಜಳಕ ಮಾಡ್ಯಾರ್ರಿ, ಪೂಜಾಕ್ಕ ಕುಂದರೂದದಾರ” ಎಂದು ಅವರ ಕೈಗೆ ಕೊಟ್ಟಳು. ಸುದ್ದಿಯನ್ನು ಹೇಗೆ ತೊಡಗಿಸಬೇಕೆಂದು ನಾವು ಯೋಚಿಸುತ್ತಿರುವಾಗಲೇ ಅತ್ತಲಿಂದ ಅವರ ಧ್ವನಿ ಕೇಳಿತು.

“ತಮ್ಮಾ, ಬಸ್ ಸಿಕ್ಕಿತೇನೋ?”